ಇಬ್ಬರಲ್ಲಿ ಯಾರು ಎಂದು ಕೇಳುವವರು ಯಾರು?

ಕ್ರೂರವಾದ ಒಂದು ಸರ್ಕಾರ, ಅದರಡಿ ನಲುಗುವ ಜನ, ಆ ಸರ್ಕಾರಕ್ಕೆ ಎದುರು ನಿಲ್ಲುವ ಹದಿನಾರು ಹದಿನೇಳರ ಹುಡುಗಿ, ಅವಳನ್ನು ಪ್ರೀತಿಸುವ ಇಬ್ಬರು ಹುಡುಗರು. ಕಳೆದ ಎರಡು ದಶಕಗಳಲ್ಲಿ ಇಂಗ್ಲಿಷಿನಲ್ಲಿ ಹದಿಹರೆಯದವರಿಗೆಂದೇ ಬಂದ ಡಿಸ್ಟೋಪಿಯಾ ಕಾದಂಬರಿಗಳ ಪೈಕಿ ಎಷ್ಟೋ ಪುಸ್ತಕಗಳು ಈ ಚೌಕಟ್ಟಿನಲ್ಲೇ ನಿಂತಿವೆ. ಇಂದಿನ ಸಮಾಜದ ಒಂದು ಕೇಡು ಬೆಳೆಯುತ್ತ ಹೋಗಿ ನಾಳೆ ಇಡೀ ನಾಡನ್ನೇ ಆಳುವಂತಾದರೆ ಬದುಕು ಹೇಗಿದ್ದೀತು ಎಂದು ಊಹಿಸಿ ಬರೆಯುವ ಕಥೆಯೇ ಡಿಸ್ಟೋಪಿಯಾ. ಹಸಿವು, ದಬ್ಬಾಳಿಕೆ, ಯುದ್ಧ, ದಂಗೆ ಇವೇ ಅದರ ಸಾಮಗ್ರಿ. ಅಂಥ ಕಥೆಯ ನಡುವೆ ‘ಇವನೋ ಅವನೋ’ ಎಂಬ ತ್ರಿಕೋನ ಪ್ರೇಮ ಬಂದು ಕೂತರೆ ಗಂಭೀರ ಓದುಗರಿಗೆ ಕಿರಿಕಿರಿಯಾಗುವುದು ಸಹಜ. ಊರೇ ಹೊತ್ತಿ ಉರಿಯುವಾಗ ಹುಡುಗಿಗೆ ಮುತ್ತಿನ ಚಿಂತೆಯೇ ಎಂದು ಅವರು ಕೇಳುತ್ತಾರೆ. ಪುಸ್ತಕ ಖರ್ಚಾಗಲಿ ಎಂದು ಪ್ರಕಾಶಕರು ಮೇಲಿಂದ ಸುರಿದ ಸಕ್ಕರೆ ಪಾಕ ಇದು ಎಂಬುದು ಅವರ ತೀರ್ಮಾನ. ಕೆಲವು ಪುಸ್ತಕಗಳ ಮಟ್ಟಿಗೆ ಈ ತೀರ್ಮಾನ ನಿಜ. ಆದರೆ ಈ ಪ್ರಕಾರಕ್ಕೆ ದಾರಿ ಹಾಕಿಕೊಟ್ಟ, ಸುಜಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ ಸರಣಿಯ ಮಟ್ಟಿಗೆ ಅದು ಪೂರ್ತಿ ತಪ್ಪು. ಅಲ್ಲಿ ಪ್ರೇಮವನ್ನು ಕಳೆದರೆ ರಾಜಕೀಯವೇ ಉಳಿಯುವುದಿಲ್ಲ. ಒಬ್ಬ ಹುಡುಗಿ ಯಾರನ್ನು ಪ್ರೀತಿಸಬೇಕು, ಆ ಪ್ರೀತಿಯನ್ನು ಯಾರು ನಂಬಬೇಕು, ಅದರಿಂದ ಯಾರಿಗೆ ಲಾಭವಾಗಬೇಕು ಎಂಬುದನ್ನೆಲ್ಲ ಅಲ್ಲಿ ಸರ್ಕಾರವೇ ನಿರ್ಧರಿಸಲು ಹೊರಟಿದೆ. ತ್ರಿಕೋನ ಪ್ರೇಮಕ್ಕೆ ಈ ಬಗೆಯ ಕಥೆಯಲ್ಲಿ ಬೆಲೆ ಬರುವುದು ಅದು ಅಧಿಕಾರದ ಪ್ರಶ್ನೆಯಾದಾಗ. ಆ ನಂಟು ಕಡಿದುಹೋದಾಗ ಮಾತ್ರ ಅದು ಬರೀ ಅಲಂಕಾರವಾಗುತ್ತದೆ.

ಪ್ರೇಮ ಈ ಸಾಹಿತ್ಯಕ್ಕೆ ಹೊಸದಾಗಿ ಅಂಟಿದ್ದೇನಲ್ಲ. ರಷ್ಯಾದ ಯೆವ್ಗೆನಿ ಜಮ್ಯಾಟಿನ್ 1920ರ ಆಸುಪಾಸಿನಲ್ಲಿ ಬರೆದ ‘ವಿ’ ಕಾದಂಬರಿಯಲ್ಲಿ ಜನರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಮನೆಗಳೆಲ್ಲ ಗಾಜಿನವು. ಸರ್ಕಾರ ಕೊಟ್ಟ ಚೀಟಿ ಇದ್ದಾಗ ಮಾತ್ರ, ಗೊತ್ತುಪಡಿಸಿದ ಹೊತ್ತಿನಲ್ಲಿ ಪರದೆ ಇಳಿಸಬಹುದು. ಅದರ ನಾಯಕ ಇಬ್ಬರು ಹೆಂಗಸರ ನಡುವೆ ಸಿಕ್ಕಿಕೊಳ್ಳುತ್ತಾನೆ. ಒಬ್ಬಳು ನಿಯಮದೊಳಗಿನವಳು, ಇನ್ನೊಬ್ಬಳು ದಂಗೆಕೋರಳು. ಆಲ್ಡಸ್ ಹಕ್ಸ್‌ಲಿ 1932ರ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಕಲ್ಪಿಸಿದ ಲೋಕದಲ್ಲಿ ದೇಹಸಂಬಂಧಕ್ಕೆ ಅಡ್ಡಿಯಿಲ್ಲ, ಆದರೆ ಒಬ್ಬರನ್ನೇ ಹಚ್ಚಿಕೊಳ್ಳುವುದು ಅಸಭ್ಯ. 1949ರಲ್ಲಿ ಬಂದ ಜಾರ್ಜ್ ಆರ್ವೆಲ್ಲರ ‘1984’ರಲ್ಲಿ ವಿನ್‌ಸ್ಟನ್ ಮತ್ತು ಜೂಲಿಯಾ ಗುಟ್ಟಾಗಿ ಕೂಡುವುದೇ ಪಕ್ಷದ ವಿರುದ್ಧ ಅವರು ಹೂಡಿದ ಬಂಡಾಯ. ಆ ಪ್ರೀತಿ ಮುರಿದುಬೀಳುವವರೆಗೆ ಸರ್ಕಾರಕ್ಕೆ ಗೆಲುವು ಪೂರ್ತಿಯಾಗುವುದಿಲ್ಲ. ಈ ಮೂರೂ ಕೃತಿಗಳಲ್ಲಿ ಪ್ರೇಮ ಕಥೆಯ ಬೆನ್ನೆಲುಬು. ಅದರಿಂದ ರಾಜಕೀಯ ತೆಳುವಾಯಿತೆಂದು ಯಾರೂ ದೂರುವುದಿಲ್ಲ. ಆಳುವವರಿಗೆ ಒಂದು ಮದುವೆ ಏಕೆ ಅಷ್ಟು ಭಯ ಹುಟ್ಟಿಸುತ್ತದೆ ಎಂಬುದನ್ನು ಕನ್ನಡದ ಓದುಗರಿಗಂತೂ ಬಿಡಿಸಿ ಹೇಳಬೇಕಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಹೇಗೆ ಅಲುಗಾಡಿಸಿತು ಎಂಬುದೇ ಗಿರೀಶ ಕಾರ್ನಾಡರ ‘ತಲೆದಂಡ’ದ ವಸ್ತು. ಹಾಗಿದ್ದ ಮೇಲೆ, ಅದೇ ವಸ್ತುವನ್ನು ಹದಿನಾರರ ಹುಡುಗಿಯೊಬ್ಬಳ ಬಾಯಲ್ಲಿ ಕೇಳಿದಾಗ ಮಾತ್ರ ಅದು ಹಗುರವೆನಿಸುವುದೇಕೆ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಹುಡುಗಿಯರು ಇಷ್ಟಪಟ್ಟು ಓದುವ ಪುಸ್ತಕದ ಬಗ್ಗೆ ಓದುವ ಮೊದಲೇ ಇರುವ ಉಪೇಕ್ಷೆ ಇದರಲ್ಲಿ ಸ್ವಲ್ಪವಾದರೂ ಸೇರಿದೆ.

‘ದಿ ಹಂಗರ್ ಗೇಮ್ಸ್’ ಪ್ರಕಟವಾದದ್ದು 2008ರಲ್ಲಿ. 2009ರಲ್ಲಿ ‘ಕ್ಯಾಚಿಂಗ್ ಫೈರ್’, 2010ರಲ್ಲಿ ‘ಮಾಕಿಂಗ್‌ಜೇ’ ಬಂದವು. ರಾತ್ರಿ ಟಿ.ವಿ. ಮುಂದೆ ಕೂತು ಚಾನೆಲ್ ಬದಲಿಸುತ್ತಿದ್ದಾಗ ಒಂದರಲ್ಲಿ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧದ ದೃಶ್ಯಗಳು ಬರುತ್ತಿದ್ದವು, ಎರಡೂ ಮನಸ್ಸಿನಲ್ಲಿ ಕಲಸಿಹೋದಾಗ ಈ ಕಥೆ ಹೊಳೆಯಿತು ಎಂದು ಕಾಲಿನ್ಸ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಈ ಮೂಲವನ್ನು ನೆನಪಿಟ್ಟುಕೊಂಡರೆ ಅಲ್ಲಿನ ಪ್ರೇಮದ ಬಗೆ ಅರ್ಥವಾಗುತ್ತದೆ. ಉತ್ತರ ಅಮೆರಿಕದ ಅವಶೇಷದ ಮೇಲೆ ಎದ್ದಿರುವ ಪ್ಯಾನೆಮ್ ಎಂಬ ದೇಶದಲ್ಲಿ ಕ್ಯಾಪಿಟಲ್ ಎಂಬ ಸಿರಿವಂತ ರಾಜಧಾನಿ ಇದೆ. ಅದರ ಸುತ್ತ ದುಡಿದು ಸಾಯುವ 12 ಜಿಲ್ಲೆಗಳಿವೆ. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ 12ರಿಂದ 18 ವಯಸ್ಸಿನೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಒಪ್ಪಿಸಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವವರೆಗೆ ಕೊಲ್ಲುತ್ತ ಹೋಗುವುದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಬೇಕು. ಕಲ್ಲಿದ್ದಲ ಗಣಿಯ 12ನೆಯ ಜಿಲ್ಲೆಯ ಕ್ಯಾಟ್ನಿಸ್, ಚೀಟಿಯಲ್ಲಿ ಹೆಸರು ಬಂದ ಪುಟ್ಟ ತಂಗಿ ಪ್ರಿಮ್‌ಳ ಬದಲಿಗೆ ತಾನೇ ಮುಂದೆ ಬರುತ್ತಾಳೆ. ಅವಳ ಜೊತೆ ಹೋಗುವ ಹುಡುಗ ಬೇಕರಿಯವನ ಮಗ ಪೀಟಾ. ಊರಿನಲ್ಲಿ ಉಳಿಯುವವನು ಗೇಲ್. ಕ್ಯಾಟ್ನಿಸ್‌ಳ ತಂದೆಯೂ ಗೇಲ್‌ನ ತಂದೆಯೂ ಸತ್ತದ್ದು ಒಂದೇ ಗಣಿ ಸ್ಫೋಟದಲ್ಲಿ. ಇಬ್ಬರೂ ಕಾಡಿಗೆ ನುಗ್ಗಿ ಕದ್ದು ಬೇಟೆಯಾಡಿ ತಂತಮ್ಮ ಮನೆ ಸಾಕಿದವರು. ಹೀಗೆ ತ್ರಿಕೋನದ ಮೂರು ಮೂಲೆಗಳೂ ಹಸಿವಿನಿಂದಲೇ ಕೂಡಿಕೊಂಡಿವೆ. ಗೇಲ್ ಬೇಟೆಯ ಜೊತೆಗಾರ. ಪೀಟಾ ಹಿಂದೊಮ್ಮೆ ಹಸಿವಿನಿಂದ ಕುಸಿದಿದ್ದ ಅವಳತ್ತ, ಏಟು ತಿನ್ನುವುದು ಗೊತ್ತಿದ್ದೂ, ಸೀದ ಬ್ರೆಡ್ ಎಸೆದಿದ್ದವನು.

ಇಲ್ಲಿಂದ ಮುಂದೆ ಪ್ರೇಮ ಬೆಳೆಯುವುದು ಕ್ಯಾಮೆರಾದ ಎದುರು. ಆಟಕ್ಕೆ ಮುನ್ನ ನಡೆಯುವ ಟಿ.ವಿ. ಸಂದರ್ಶನದಲ್ಲಿ ಪೀಟಾ ತಾನು ಪ್ರೀತಿಸುವ ಹುಡುಗಿ ತನ್ನ ಜೊತೆಗೇ ಇಲ್ಲಿಗೆ ಬಂದಿದ್ದಾಳೆ ಎಂದು ಹೇಳಿಬಿಡುತ್ತಾನೆ. ಕ್ಯಾಟ್ನಿಸ್‌ಗೆ ಬರುವುದು ಸಿಟ್ಟು. ಅವಳು ಅವನನ್ನು ತಳ್ಳಿ ಬೀಳಿಸುತ್ತಾಳೆ. ಆದರೆ ಇಬ್ಬರಿಗೂ ಮಾರ್ಗದರ್ಶಕನಾಗಿರುವ ಹೇಮಿಚ್ ಅದರ ಬೆಲೆಯನ್ನು ತಕ್ಷಣ ಗುರುತಿಸುತ್ತಾನೆ. ನೋಡುವವರಿಗೆ ಕಥೆ ಬೇಕು, ಕಥೆ ಇದ್ದವರಿಗೆ ಸಿರಿವಂತರು ಹಣ ಹಾಕುತ್ತಾರೆ, ಹಣ ಬಂದರೆ ಕಣದೊಳಕ್ಕೆ ಔಷಧಿ ಅನ್ನ ಇಳಿಯುತ್ತದೆ. ಗಾಯಗೊಂಡ ಪೀಟಾನನ್ನು ಗುಹೆಯಲ್ಲಿ ಅಡಗಿಸಿಟ್ಟುಕೊಂಡು ಅವಳು ಮೊದಲ ಸಲ ಮುತ್ತಿಟ್ಟಾಗ ಆಕಾಶದಿಂದ ಸೂಪಿನ ಪಾತ್ರೆ ಇಳಿದುಬರುತ್ತದೆ. ಒಂದು ಮುತ್ತಿಗೆ ಒಂದು ಪಾತ್ರೆ ಎಂಬ ಲೆಕ್ಕ ಅವಳಿಗೆ ಅರ್ಥವಾಗುತ್ತದೆ. ಹದಿಹರೆಯದವರ ಸಾಹಿತ್ಯದಲ್ಲಿ ಮೊದಲ ಮುತ್ತನ್ನು ಇಷ್ಟು ನಿರ್ದಯವಾದ ಸತ್ಯದೊಂದಿಗೆ ಬರೆದದ್ದು ಅಪರೂಪ. ಇದಾದ ಮೇಲೆ ತನ್ನೊಳಗೆ ಹುಟ್ಟುವ ಯಾವ ಭಾವನೆಯನ್ನೂ ಅವಳು ನೇರವಾಗಿ ನಂಬಲಾರಳು. ಇದು ಅಕ್ಕರೆಯೋ ಅಭಿನಯವೋ, ಪ್ರಾಣ ಉಳಿಸಿಕೊಳ್ಳುವ ಉಪಾಯವೋ ಎಂದು ಪ್ರತಿ ಸಲ ಕೇಳಿಕೊಳ್ಳಬೇಕು. ಕಾದಂಬರಿ ಪೂರ್ತಿ ಅವಳ ಮಾತಿನಲ್ಲೇ, ಆಗುತ್ತಿರುವಾಗಲೇ ಹೇಳುವಂತೆ ಸಾಗುವುದರಿಂದ ಓದುಗರೂ ಈ ಅನುಮಾನದೊಳಗೇ ಇರುತ್ತಾರೆ. ಸರ್ವಾಧಿಕಾರ ಮನುಷ್ಯರಿಗೆ ಮಾಡುವ ಅತಿ ದೊಡ್ಡ ಅನ್ಯಾಯ ಏನು ಎಂಬುದಕ್ಕೆ ಕಾಲಿನ್ಸ್ ಇಲ್ಲಿ ಕೊಡುವ ಉತ್ತರ ಸ್ಪಷ್ಟವಾಗಿದೆ: ಅದು ಅವರ ಮನಸ್ಸನ್ನು ಅವರಿಗೇ ಅಪರಿಚಿತವಾಗಿಸುತ್ತದೆ.

ಕಥೆ ಮುಂದುವರಿದಂತೆ ಈ ಪ್ರೇಮ ಕ್ಯಾಟ್ನಿಸ್‌ಗೆ ಜೀವ ಉಳಿಸುವ ಸಾಕ್ಷ್ಯವಾಗುತ್ತದೆ. ಒಂದೇ ಜಿಲ್ಲೆಯ ಇಬ್ಬರೂ ಗೆಲ್ಲಬಹುದೆಂದು ಸಾರಿದ ನಿಯಮವನ್ನು ಕೊನೆಯ ಗಳಿಗೆಯಲ್ಲಿ ಹಿಂತೆಗೆದುಕೊಂಡಾಗ, ಇಬ್ಬರೂ ವಿಷದ ಹಣ್ಣನ್ನು ಬಾಯಿಗಿಡಲು ಮುಂದಾಗುತ್ತಾರೆ. ಗೆದ್ದವರೇ ಇಲ್ಲದ ಆಟ ಕ್ಯಾಪಿಟಲ್‌ಗೆ ಅವಮಾನವಾದ್ದರಿಂದ ಅದು ಸೋಲೊಪ್ಪಿಕೊಳ್ಳುತ್ತದೆ. ಆ ಹಣ್ಣನ್ನು ಹಿಡಿದದ್ದು ಬಂಡಾಯವಾಗಿದ್ದರೆ ಅವಳಿಗೆ ಸಾವು. ಪ್ರೇಮದ ಹುಚ್ಚಾಗಿದ್ದರೆ ಕ್ಷಮೆ. ಎರಡನೆಯ ಪುಸ್ತಕದ ಆರಂಭದಲ್ಲಿ ಅಧ್ಯಕ್ಷ ಸ್ನೋ ಸ್ವತಃ ಅವಳ ಮನೆಗೆ ಬಂದು, ಗೇಲ್ ಅವಳಿಗೆ ಮುತ್ತಿಟ್ಟದ್ದೂ ತನಗೆ ಗೊತ್ತೆಂದು ತಿಳಿಸಿ, ಪೀಟಾನ ಮೇಲಿನ ಪ್ರೀತಿ ನಿಜವೆಂದು ಜಿಲ್ಲೆಗಳಿಗೆಲ್ಲ ಮನದಟ್ಟು ಮಾಡು ಎಂದು ಬೆದರಿಸುತ್ತಾನೆ. ಟಿ.ವಿ.ಯವರು ಗೇಲ್‌ನನ್ನು ಆಗಲೇ ಅವಳ ಸೋದರಸಂಬಂಧಿ ಎಂದು ಬಿಂಬಿಸಿಬಿಟ್ಟಿದ್ದಾರೆ. ತ್ರಿಕೋನದ ಒಂದು ಮೂಲೆಯನ್ನೇ ಸರ್ಕಾರಿ ದಾಖಲೆಯಿಂದ ಒರೆಸಿಹಾಕಿದಂತೆ. ಮದುವೆಯ ಉಡುಪು ಯಾವುದಿರಬೇಕೆಂದು ಪ್ರೇಕ್ಷಕರು ಮತ ಹಾಕುತ್ತಾರೆ. ಅವಳನ್ನು ಮತ್ತೆ ಸಾವಿನ ಕಣಕ್ಕೆ ಕಳಿಸುವ ಮುನ್ನ ಅದೇ ಉಡುಪಿನಲ್ಲಿ ವೇದಿಕೆಗೆ ಬರಬೇಕೆಂದು ಸ್ನೋ ಆಜ್ಞಾಪಿಸುತ್ತಾನೆ. ವಸ್ತ್ರವಿನ್ಯಾಸಕ ಸಿನ್ನಾ ಆ ಉಡುಪು ಎಲ್ಲರೆದುರು ಉರಿದು ದಂಗೆಯ ಗುರುತಾದ ಹಕ್ಕಿಯ ವೇಷವಾಗುವಂತೆ ಮಾಡುತ್ತಾನೆ. ಅದೇ ವೇದಿಕೆಯಲ್ಲಿ ಪೀಟಾ, ತಮಗೆ ಗುಟ್ಟಾಗಿ ಮದುವೆಯಾಗಿದೆ, ಅವಳು ಬಸುರಿ ಎಂಬ ಸುಳ್ಳು ಹೇಳಿದಾಗ ಕ್ಯಾಪಿಟಲ್‌ನ ಪ್ರೇಕ್ಷಕರೇ ಆಟ ನಿಲ್ಲಿಸಿ ಎಂದು ಕೂಗೆಬ್ಬಿಸುತ್ತಾರೆ. ಸರ್ಕಾರ ತನ್ನ ಲಾಭಕ್ಕೆ ಕಟ್ಟಿಸಿದ ಪ್ರೇಮಕಥೆ ಸರ್ಕಾರದ ಮೇಲೆಯೇ ತಿರುಗಿಬೀಳುತ್ತದೆ. ಈ ಪ್ರಸಂಗಗಳನ್ನೆಲ್ಲ ತೆಗೆದು ‘ಶುದ್ಧ ರಾಜಕೀಯ’ ಉಳಿಸಲು ಹೊರಟರೆ ಎರಡನೆಯ ಪುಸ್ತಕದಲ್ಲಿ ಉಳಿಯುವುದು ಅತ್ಯಲ್ಪ.

ಹಾಗಿದ್ದರೆ ಇದು ಹಗುರ ಪ್ರೇಮಕಥೆ ಎಂಬ ಹೆಸರು ಅಂಟಿದ್ದು ಎಲ್ಲಿಂದ? ಒಂದು ಭಾಗ ಕಾಲದ ಆಕಸ್ಮಿಕ. ಸ್ಟೆಫನಿ ಮೆಯರ್ ಅವರ ‘ಟ್ವೈಲೈಟ್’ 2005ರಲ್ಲಿ ಆರಂಭವಾಗಿ, ರಕ್ತಪಿಶಾಚಿ ಎಡ್ವರ್ಡ್ ಮತ್ತು ತೋಳಮಾನವ ಜೇಕಬ್ ನಡುವೆ ಓದುಗರನ್ನು ಎರಡು ಪಕ್ಷವಾಗಿಸಿತ್ತು. ಆ ಸರಣಿಯ ಕೊನೆಯ ಪುಸ್ತಕ ಬಂದ ಮರು ತಿಂಗಳೇ ‘ದಿ ಹಂಗರ್ ಗೇಮ್ಸ್’ ಬಂತು. ಅಭಿಮಾನಿಗಳು ಅದೇ ಅಭ್ಯಾಸದಲ್ಲಿ ‘ಟೀಮ್ ಪೀಟಾ’, ‘ಟೀಮ್ ಗೇಲ್’ ಎಂದು ಬಣ ಕಟ್ಟಿಕೊಂಡರು. 2012ರ ಚಲನಚಿತ್ರ ಇದಕ್ಕೆ ಇನ್ನಷ್ಟು ಒತ್ತು ಕೊಟ್ಟಿತು. ಕ್ಯಾಟ್ನಿಸ್‌ಳ ಒಳಮಾತು ತೆರೆಯ ಮೇಲೆ ಇಲ್ಲದ್ದರಿಂದ ಗುಹೆಯ ಮುತ್ತಿನಲ್ಲಿದ್ದ ಲೆಕ್ಕಾಚಾರ ಮಸುಕಾಯಿತು. ಊರಿನಲ್ಲಿ ಟಿ.ವಿ. ನೋಡುತ್ತ ನೋಯುವ ಗೇಲ್‌ನ ಮುಖ ತೋರಿಸಿದ್ದರಿಂದ ನೋಟ ತ್ರಿಕೋನದ ಕಡೆಗೆ ವಾಲಿತು. ಎರಡನೆಯ ಚಿತ್ರದ ಹೊತ್ತಿಗೆ, 2013ರಲ್ಲಿ, ಕವರ್‌ಗರ್ಲ್ ಕಂಪನಿ ಕ್ಯಾಪಿಟಲ್‌ನ ಹೆಸರಿನಲ್ಲೇ ಪ್ರಸಾಧನ ಸಾಮಗ್ರಿ ಮಾರಾಟಕ್ಕಿಟ್ಟಿತು. ಮಕ್ಕಳ ಸಾವನ್ನು ನೋಡಿ ಖುಷಿಪಡುವವರ ಬಣ್ಣವನ್ನು, ಆ ಮಕ್ಕಳಿಗಾಗಿ ಮರುಗಿದ ಓದುಗರಿಗೆ ಮಾರಿದ ಹಾಗಾಯಿತು. ಇವರಿಬ್ಬರಲ್ಲಿ ಯಾರನ್ನು ಆರಿಸುತ್ತಾಳೆ ಎಂದು ಬಾಜಿ ಕಟ್ಟಿ ಕೂರುವ ಓದುಗ, ತನಗೆ ತಿಳಿಯದೆಯೇ ಕ್ಯಾಪಿಟಲ್‌ನ ಪ್ರೇಕ್ಷಕನ ಕುರ್ಚಿಯಲ್ಲಿ ಕೂತಿರುತ್ತಾನೆ. ಇದು ಕಾದಂಬರಿಯ ಸೋಲೆಂದು ನನಗೆ ಅನಿಸುವುದಿಲ್ಲ. ನಾವು ಪ್ರೇಮವನ್ನು ಆಟದಂತೆ ನೋಡಲು ಎಷ್ಟು ಬೇಗ ಒಗ್ಗಿಹೋಗುತ್ತೇವೆ ಎಂಬ ಅದರ ಎಚ್ಚರಿಕೆ, ಪುಸ್ತಕದ ಹೊರಗೂ ನಿಜವಾಯಿತು.

ತ್ರಿಕೋನದ ಇನ್ನೊಂದು ಕೆಲಸವನ್ನು ಕಾಣಬೇಕಾದರೆ ಪೀಟಾ ಮತ್ತು ಗೇಲ್ ಇಬ್ಬರೂ ಏನನ್ನು ನಂಬುತ್ತಾರೆಂದು ಕೇಳಬೇಕು. ಇಬ್ಬರೂ ಕ್ಯಾಪಿಟಲ್‌ನ ಶತ್ರುಗಳೇ. ಆಟದ ಹಿಂದಿನ ರಾತ್ರಿ ಪೀಟಾ ಮಾಳಿಗೆಯ ಮೇಲೆ ನಿಂತು ಹೇಳುವುದು, ಸತ್ತರೂ ತಾನು ತಾನಾಗಿಯೇ ಸಾಯಬೇಕು, ಅವರು ಮಾಡಲು ಬಯಸುವ ಮೃಗವಾಗಬಾರದು ಎಂದು. ಗೇಲ್ ಬೇರೆ ಉರಿಯಲ್ಲಿ ಬೆಂದವನು. ಮನೆಗೆ ಒಂದಿಷ್ಟು ಕಾಳು, ಎಣ್ಣೆ ಸಿಗಲಿ ಎಂದು ಮತ್ತೆ ಮತ್ತೆ ತನ್ನ ಹೆಸರು ಬರೆಸಿ, ಸಾವಿನ ಚೀಟಿಗಳ ಪಾತ್ರೆಯಲ್ಲಿ 42 ಸಲ ಸೇರಿಕೊಂಡವನು. ಅವನ ಸಿಟ್ಟಿಗೆ ನ್ಯಾಯವಿದೆ. ಆದರೆ ಮೂರನೆಯ ಪುಸ್ತಕದಲ್ಲಿ ಆ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕಾಲಿನ್ಸ್ ಒಂದೊಂದೇ ಹೆಜ್ಜೆಯಲ್ಲಿ ತೋರಿಸುತ್ತಾರೆ. ಬೆಟ್ಟದೊಳಗಿನ ಸೇನಾನೆಲೆಯನ್ನು ಗೆಲ್ಲಲು ಬೆಟ್ಟವನ್ನೇ ಕುಸಿಯುವಂತೆ ಮಾಡಿ ಒಳಗಿನವರನ್ನು ಹೂತುಬಿಡೋಣ ಎಂದು ಸಲಹೆ ಕೊಡುವವನು, ಗಣಿಯಲ್ಲಿ ಹೂತುಹೋದ ತಂದೆಯ ಮಗ ಗೇಲ್. ಮೊದಲ ಸ್ಫೋಟದ ಗಾಯಾಳುಗಳತ್ತ ಓಡಿಬರುವವರನ್ನು ಎರಡನೆಯ ಸ್ಫೋಟದಲ್ಲಿ ಕೊಲ್ಲುವ ಬಾಂಬಿನ ಉಪಾಯವೂ ಅವನಿದ್ದ ಕೋಣೆಯಲ್ಲೇ ಹುಟ್ಟುತ್ತದೆ. ಕೊನೆಗೆ ಅಂಥದೇ ಬಾಂಬು ಮಕ್ಕಳ ಮೇಲೆ ಬಿದ್ದು, ಅವರನ್ನು ಉಪಚರಿಸಲು ಓಡಿದ ಪ್ರಿಮ್ ಸಾಯುತ್ತಾಳೆ. ಅದು ನಿನ್ನದೇ ಬಾಂಬೇ ಎಂದು ಕ್ಯಾಟ್ನಿಸ್ ಕೇಳಿದರೆ ಗೇಲ್‌ಗೆ ಗೊತ್ತಿಲ್ಲ. ಅವರಿಬ್ಬರ ನಡುವಿನ ಬಾಗಿಲು ಅಲ್ಲಿಗೆ ಮುಚ್ಚಿಹೋಗುತ್ತದೆ. ಅನ್ಯಾಯದ ವಿರುದ್ಧ ಹೋರಾಡುವವನು ಶತ್ರುವಿನ ನಿಯಮಗಳನ್ನೇ ಎತ್ತಿಕೊಳ್ಳಬಹುದೇ ಎಂಬುದು ಪ್ರತಿಯೊಂದು ಕ್ರಾಂತಿಯೂ ಎದುರಿಸುವ ಪ್ರಶ್ನೆ. ಕಾಲಿನ್ಸ್ ಅದನ್ನು ಭಾಷಣವಾಗಿ ಬರೆಯಲಿಲ್ಲ. ಒಬ್ಬ ಹುಡುಗಿಗೆ ತೀರ ಹತ್ತಿರವಾದ ಇಬ್ಬರು ಮನುಷ್ಯರಲ್ಲಿ ಇಟ್ಟು ತೋರಿಸಿದರು.

ಗೇಲ್‌ನನ್ನು ದೂರ ಮಾಡಲು ಪ್ರಿಮ್‌ಳನ್ನು ಕೊಂದದ್ದು ಲೇಖಕಿ ಹುಡುಕಿಕೊಂಡ ಸುಲಭ ದಾರಿ, ಪೀಟಾ ಉಳಿದದ್ದು ಬೇರೆ ಗತಿಯಿಲ್ಲದ್ದರಿಂದ ಎಂದು ವಾದಿಸುವವರಿದ್ದಾರೆ. ಪೀಟಾನಿಗೆ ಮೂರನೆಯ ಪುಸ್ತಕದಲ್ಲಿ ಏನಾಗುತ್ತದೆ ಎಂಬುದನ್ನು ಈ ವಾದ ಮರೆಯುತ್ತದೆ. ಸೆರೆಸಿಕ್ಕ ಅವನಿಗೆ ಕ್ಯಾಪಿಟಲ್‌ನವರು ಭ್ರಮೆ ಹುಟ್ಟಿಸುವ ಕಣಜದ ವಿಷ ಏರಿಸಿ, ಕ್ಯಾಟ್ನಿಸ್‌ಳ ಕುರಿತ ನೆನಪುಗಳನ್ನೆಲ್ಲ ಭಯವಾಗಿ ತಿರುಚುತ್ತಾರೆ. ಬಿಡಿಸಿ ಕರೆತಂದಾಗ ಅವನು ಮೊದಲು ಮಾಡುವುದು ಅವಳ ಕತ್ತು ಹಿಸುಕುವುದು. ಆರ್ವೆಲ್ಲರ ಕಾದಂಬರಿಯಲ್ಲಿ ಕಥೆ ಮುಗಿಯುವುದು ಹೆಚ್ಚುಕಡಿಮೆ ಇಂಥ ಕಡೆಯಲ್ಲೇ. 101ನೆಯ ಕೋಣೆಯಲ್ಲಿ ಇಲಿಗಳ ಎದುರು ವಿನ್‌ಸ್ಟನ್ ಜೂಲಿಯಾಳನ್ನು ಬಿಟ್ಟುಕೊಟ್ಟ ಮೇಲೆ ಅವರ ನಡುವೆ ಏನೂ ಉಳಿಯುವುದಿಲ್ಲ. ಸರ್ಕಾರ ಪ್ರೀತಿಯನ್ನು ನಾಶ ಮಾಡಬಲ್ಲದು ಎಂದು ಅಲ್ಲಿ ಸಿದ್ಧವಾಗಿದೆ. ಕಾಲಿನ್ಸ್ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ನಾಶವಾದ ಮೇಲೆ ಏನು ಎಂದು ಕೇಳುತ್ತಾರೆ. ಪೀಟಾ ತನ್ನ ತಲೆಯಲ್ಲಿರುವ ಒಂದೊಂದು ನೆನಪನ್ನೂ ಸುತ್ತಲಿನವರ ಮುಂದಿಟ್ಟು, ಇದು ನಡೆದದ್ದು ಹೌದೋ ಅಲ್ಲವೋ ಎಂದು ವಿಚಾರಿಸುತ್ತ ತನ್ನನ್ನು ಮತ್ತೆ ಕಟ್ಟಿಕೊಳ್ಳುತ್ತಾನೆ. ಟಿ.ವಿ.ಗಾಗಿ ನಟಿಸಿದ ಪ್ರೀತಿಗೂ ವಿಷ ಹಾಕಿ ನೆಟ್ಟ ದ್ವೇಷಕ್ಕೂ ಮದ್ದು ಒಂದೇ: ಸತ್ಯವನ್ನು ಇನ್ನೊಬ್ಬರ ಜೊತೆ ಕೂತು ತಾಳ್ಮೆಯಿಂದ ಪರೀಕ್ಷಿಸುವುದು. ಯುದ್ಧ ಮುಗಿದ ಮೇಲೆ ಅವನು ಊರಿಗೆ ಮರಳಿ, ಪ್ರಿಮ್‌ಳ ನೆನಪಿಗೆ ಅವಳ ಹೆಸರಿನ ಹೂಗಿಡಗಳನ್ನು ಕ್ಯಾಟ್ನಿಸ್‌ಳ ಮನೆಯ ಪಕ್ಕದಲ್ಲಿ ನೆಡುತ್ತಾನೆ. ನೋಡಲು ಯಾವ ಕ್ಯಾಮೆರಾವೂ ಇಲ್ಲ, ಕೈ ತಟ್ಟಲು ಪ್ರೇಕ್ಷಕರಿಲ್ಲ. ಅವರ ಪ್ರೀತಿ ನಿಜವಾಗಿ ಆರಂಭವಾಗುವುದು ಅಲ್ಲಿಂದ. ಆದ್ದರಿಂದ ಪೀಟಾ ಉಳಿದುಕೊಂಡವನಲ್ಲ, ಮತ್ತೆ ಗಳಿಸಿಕೊಂಡವನು.

ಇದಕ್ಕಿಂತ ಭಾರವಾದ ಆಕ್ಷೇಪವೊಂದಿದೆ. ಸರ್ವಾಧಿಕಾರವನ್ನು ಅಲುಗಾಡಿಸಿದ ಹುಡುಗಿಯ ಕಥೆಯೂ ಕೊನೆಗೆ ಗಂಡ, ಎರಡು ಮಕ್ಕಳು ಎಂಬಲ್ಲಿಗೇ ಬಂದು ನಿಲ್ಲಬೇಕೇ? ಹೆಣ್ಣಿನ ದೊಡ್ಡ ನಿರ್ಧಾರವೆಂದರೆ ಗಂಡನ್ನು ಆರಿಸುವುದು ಎಂಬ ಹಳೆಯ ಪಾಠವನ್ನೇ ಇದು ಹೊಸ ವೇಷದಲ್ಲಿ ಕಲಿಸುತ್ತಿಲ್ಲವೇ? ಸ್ತ್ರೀವಾದದ ನೆಲೆಯಿಂದ ಬರುವ ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪಠ್ಯವನ್ನು ನೋಡಿದರೆ ಕ್ಯಾಟ್ನಿಸ್‌ಳ ನಿರ್ಣಾಯಕ ಕೃತ್ಯಗಳು ಮೂರು, ಮತ್ತು ಮೂರೂ ಗಂಡಿನ ಆಯ್ಕೆಯಲ್ಲ. ತಂಗಿಯ ಬದಲು ಮುಂದೆ ಬಂದದ್ದು, ವಿಷದ ಹಣ್ಣು ಹಿಡಿದದ್ದು, ಕೊನೆಗೆ ಸ್ನೋನ ಎದೆಗೆ ಬಿಡಬೇಕಿದ್ದ ಬಾಣವನ್ನು ದಂಗೆಯ ನಾಯಕಿ ಕಾಯಿನ್‌ಳತ್ತ ತಿರುಗಿಸಿದ್ದು. ಕ್ಯಾಪಿಟಲ್‌ನ ಮಕ್ಕಳನ್ನೇ ಹಾಕಿ ಇನ್ನೊಂದು ಆಟ ಆಡಿಸೋಣ ಎಂದು ಹೊರಟ ಹೊಸ ಆಳ್ವಿಕೆ ಹಳೆಯದರ ಮುಂದುವರಿಕೆ ಎಂದು ಕಂಡದ್ದರಿಂದ ಅವಳು ಹಾಗೆ ಮಾಡಿದಳು. ಇಬ್ಬರು ಹುಡುಗರು ತನ್ನ ಬೆನ್ನ ಹಿಂದೆ ತನ್ನ ಆಯ್ಕೆಯ ಬಗ್ಗೆ ಮಾತಾಡಿಕೊಳ್ಳುವುದನ್ನು, ಯಾರಿಲ್ಲದಿದ್ದರೆ ಬದುಕಲಾರಳೋ ಅವನನ್ನು ಆರಿಸುತ್ತಾಳೆ ಎಂದು ಗೇಲ್ ಹೇಳುವುದನ್ನು ಕೇಳಿಸಿಕೊಂಡಾಗ ಅವಳು ನೋಯುತ್ತಾಳೆ, ಕೆರಳುತ್ತಾಳೆ. ತ್ರಿಕೋನದ ಚೌಕಟ್ಟನ್ನು ನಾಯಕಿಯೇ ಒಪ್ಪುವುದಿಲ್ಲ. ಇನ್ನು ಮಕ್ಕಳ ವಿಷಯ. ತನಗೆ ಮಕ್ಕಳೇ ಬೇಡ ಎಂದು ಅವಳು ಮೊದಲ ಅಧ್ಯಾಯದಲ್ಲೇ ಹೇಳುತ್ತಾಳೆ. ಹೆತ್ತ ಮಗುವಿನ ಹೆಸರು ಚೀಟಿಯಲ್ಲಿ ಬರುವ ನಾಡಿನಲ್ಲಿ ಬೇರೆ ಏನು ಹೇಳಿಯಾಳು? ಆಟ ನಿಂತ ಮೇಲೂ ಅವಳು ಒಪ್ಪಲು 15 ವರ್ಷ ಹಿಡಿಯುತ್ತದೆ. ಒಪ್ಪಿದ ಮೇಲೂ ಅಂಜಿಕೆ ಬಿಡುವುದಿಲ್ಲ. ಅಂತ್ಯ ಸುಖವೆಂದು ಕಾಲಿನ್ಸ್ ಎಲ್ಲಿಯೂ ಹೇಳುವುದಿಲ್ಲ. ಬೇಡ ಎನ್ನಲು ಸರ್ಕಾರದ ಭಯವೇ ಕಾರಣವಾಗಿದ್ದ ಒಂದು ನಿರ್ಧಾರ, ಬಹಳ ತಡವಾಗಿ, ಅವಳ ಸ್ವಂತದ್ದಾಯಿತು ಎಂದಷ್ಟೇ ಹೇಳುತ್ತಾರೆ.

ಈ ಯಶಸ್ಸಿನ ನಂತರ ಬಂದ ಪುಸ್ತಕಗಳ ಸಾಲಿನಲ್ಲಿ ನನ್ನ ವಾದವನ್ನು ಪರೀಕ್ಷಿಸಬಹುದು. ಆಲಿ ಕಾಂಡಿ ಅವರ ‘ಮ್ಯಾಚ್ಡ್’ (2010) ಕಲ್ಪನೆ ಬಲವಾದದ್ದು. ಅಲ್ಲಿ ಯಾರಿಗೆ ಯಾರು ಜೋಡಿ ಎಂಬುದನ್ನು ಸರ್ಕಾರವೇ ಅಂಕಿಅಂಶ ನೋಡಿ ಗೊತ್ತುಮಾಡುತ್ತದೆ. ಕ್ಯಾಸಿಯಾಳಿಗೆ ಬಾಲ್ಯದ ಗೆಳೆಯ ಜಾಂಡರ್ ಗೊತ್ತಾಗುತ್ತಾನೆ, ಆದರೆ ಪರದೆಯ ಮೇಲೆ ಒಂದು ಕ್ಷಣ ಇನ್ನೊಬ್ಬನ ಮುಖ ಮಿಂಚಿಹೋಗುತ್ತದೆ. ಆ ಕೈ ಎಂಬ ಹುಡುಗನನ್ನು ಮೆಚ್ಚಿದ್ದು ತನ್ನ ಮನಸ್ಸೋ, ಅಥವಾ ಇದೂ ಅಧಿಕಾರಿಗಳು ಕಣ್ಣಿಟ್ಟು ನೋಡುತ್ತಿರುವ ಪ್ರಯೋಗವೋ ಎಂಬ ಅನುಮಾನ ಬರುವವರೆಗೂ ಆ ತ್ರಿಕೋನಕ್ಕೆ ಜೀವವಿದೆ. ಲಾರೆನ್ ಆಲಿವರ್ ಅವರ ‘ಡಿಲೀರಿಯಮ್’ನಲ್ಲಿ (2011) ಪ್ರೀತಿಯೇ ರೋಗ, 18 ತುಂಬಿದವರಿಗೆಲ್ಲ ಶಸ್ತ್ರಚಿಕಿತ್ಸೆ ಕಡ್ಡಾಯ. ಮೊದಲ ಪುಸ್ತಕದಲ್ಲಿ ಲೀನಾ ಎಂಬ ಹುಡುಗಿ, ಅಲೆಕ್ಸ್ ಎಂಬ ಹುಡುಗ, ಎದುರಿಗೆ ಇಡೀ ವ್ಯವಸ್ಥೆ, ಅದು ಸಾಕಾಗುತ್ತದೆ. ಎರಡನೆಯದರಲ್ಲಿ ಪ್ರೀತಿಯ ವಿರುದ್ಧ ಆಂದೋಲನ ನಡೆಸುವವನ ಮಗ ಜೂಲಿಯನ್ ಬರುತ್ತಾನೆ. ಅವನು ಲೀನಾಳಿಂದ ಬದಲಾಗುವ ಭಾಗ ಅರ್ಥಪೂರ್ಣ. ಆದರೆ ಮೂರನೆಯದರಲ್ಲಿ ಇಬ್ಬರು ಹುಡುಗರೂ ಬಂಡಾಯಗಾರರ ಬೀಡಿನಲ್ಲೇ ಇದ್ದಾಗ ಅವಳು ಯಾರನ್ನು ಆರಿಸಿದರೂ ನಾಡಿನ ಗತಿಯಲ್ಲಿ ಏನೂ ಬದಲಾಗುವುದಿಲ್ಲ, ತ್ರಿಕೋನ ಸೊರಗುತ್ತದೆ. ಕೀರಾ ಕಾಸ್ ಅವರ ‘ದಿ ಸೆಲೆಕ್ಷನ್’ನಲ್ಲಿ (2012) ರಾಜಕುಮಾರನ ವಧುವಾಗಲು 35 ಹುಡುಗಿಯರು ಟಿ.ವಿ.ಯಲ್ಲಿ ಸ್ಪರ್ಧಿಸುತ್ತಾರೆ. ಸಮಾಜ ಎಂಟು ಜಾತಿಗಳಾಗಿ ಒಡೆದಿದೆ. ನಾಯಕಿಯ ಮೊದಲ ಪ್ರಿಯಕರ ಅವಳಿಗಿಂತ ಕೆಳಗಿನ ಜಾತಿಯವನು. ಜಾತಿ ಮತ್ತು ಮದುವೆಯ ನಂಟು ಕೈಯಲ್ಲೇ ಇದ್ದರೂ ಕಥೆ ಉಡುಪು, ಔತಣ, ಮುನಿಸುಗಳಲ್ಲಿ ಕರಗಿ, ಅರಮನೆಯ ಮೇಲೆ ದಾಳಿಯಿಡುವ ದಂಗೆಕೋರರು ದೂರದ ಸದ್ದಾಗಿ ಉಳಿಯುತ್ತಾರೆ. ಅಲ್ಲಿ ಪ್ರೇಮ ಹೆಚ್ಚಾದದ್ದು ಕೊರತೆಯಲ್ಲ. ಆ ಪ್ರೇಮಕ್ಕೆ ಆ ನಾಡಿನ ಅನ್ಯಾಯ ತಟ್ಟದೇ ಹೋದದ್ದು ಕೊರತೆ.

ಮಾರುಕಟ್ಟೆಯೇ ಇದನ್ನೆಲ್ಲ ಬರೆಸಿತು ಎನ್ನುವವರಿಗೆ ಎರಡು ಉದಾಹರಣೆ ಕೊಡಬಹುದು. ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ (2011) ಈ ಪ್ರಕಾರದ ಅತಿ ಜನಪ್ರಿಯ ಸರಣಿಗಳಲ್ಲೊಂದು, ಅದರಲ್ಲಿ ತ್ರಿಕೋನವೇ ಇಲ್ಲ. ಟ್ರಿಸ್ ಮತ್ತು ಫೋರ್ ನಡುವಿನ ಪ್ರಶ್ನೆ ನಂಬಿಕೆಯದು. ಸುಳ್ಳು ಹೇಳಿ ಕಾಪಾಡುವುದು ಪ್ರೀತಿಯೇ, ಪ್ರೀತಿಸುವವರಿಗೆ ತಿಳಿಸದೆ ಸಾವಿನತ್ತ ನಡೆಯುವುದು ತ್ಯಾಗವೇ ಎಂಬುದು. 2013ರ ಕೊನೆಯ ಪುಸ್ತಕದಲ್ಲಿ ನಾಯಕಿ ಸತ್ತೇಹೋಗುತ್ತಾಳೆ. ಅಭಿಮಾನಿಗಳು ಕೋಪಗೊಂಡರೂ ಲೇಖಕಿ ತಮ್ಮ ಕಥೆಯ ತರ್ಕವನ್ನು ಬಿಟ್ಟುಕೊಡಲಿಲ್ಲ. ಮಾರುಕಟ್ಟೆ ಒತ್ತಡ ಹಾಕಬಹುದು, ಆದರೆ ಬರೆಯುವವರ ಕೈ ಕಟ್ಟಲೇಬೇಕೆಂದಿಲ್ಲ. ಇನ್ನೊಂದು, ವಿಕ್ಟೋರಿಯಾ ಅವೆಯಾರ್ಡ್ ಅವರ ‘ರೆಡ್ ಕ್ವೀನ್’ (2015). ಬೆಳ್ಳಿ ರಕ್ತದವರು ಕೆಂಪು ರಕ್ತದವರನ್ನು ಆಳುವ ನಾಡಿನಲ್ಲಿ ಮೇರ್ ಎಂಬ ಬಡ ಹುಡುಗಿ ಇಬ್ಬರು ರಾಜಕುಮಾರರ ನಡುವೆ ಸಿಕ್ಕುತ್ತಾಳೆ. ಓದುಗರು ಇದು ಮಾಮೂಲು ತ್ರಿಕೋನ ಎಂದು ನೆಮ್ಮದಿಯಾಗಿ ಕೂತಿರುವಾಗ, ಅವಳ ನೋವನ್ನು ಅರ್ಥಮಾಡಿಕೊಂಡಂತೆ ತೋರಿದ, ದಂಗೆಗೂ ಕೈಜೋಡಿಸಿದ ಕಿರಿಯ ರಾಜಕುಮಾರ ಮೇವನ್ ಎಲ್ಲವನ್ನೂ ಸಿಂಹಾಸನಕ್ಕಾಗಿಯೇ ಹೂಡಿದ್ದನೆಂದು ಬಯಲಾಗುತ್ತದೆ. ಅಧಿಕಾರ ಅನುಕಂಪದ ಮುಖ ಹೊತ್ತು ಬರಬಲ್ಲದು ಎಂಬ ರಾಜಕೀಯ ಪಾಠ, ಪ್ರೇಮದ ಹಾದಿಯಲ್ಲಿ ಬಂದದ್ದರಿಂದಲೇ ಅಷ್ಟು ಆಳಕ್ಕೆ ನಾಟುತ್ತದೆ. ತ್ರಿಕೋನ ಇದ್ದೂ ಗೆದ್ದ ಕಥೆ, ಇಲ್ಲದೆಯೂ ಗೆದ್ದ ಕಥೆ ಎರಡೂ ನಮ್ಮ ಮುಂದಿವೆ. ಆದ್ದರಿಂದ ಅಳೆಯಬೇಕಾದದ್ದು ಎಷ್ಟು ಜನ ಪ್ರೇಮಿಗಳಿದ್ದಾರೆ ಎಂಬುದನ್ನಲ್ಲ, ನಾಯಕಿಯ ಒಲವು ಬದಲಾದರೆ ಆ ನಾಡಿನ ಬಗ್ಗೆ ನಮ್ಮ ತಿಳಿವಳಿಕೆಯೂ ಬದಲಾಗುತ್ತದೆಯೇ ಎಂಬುದನ್ನು.

ಈ ಪುಸ್ತಕಗಳು ನಮ್ಮ ಶಾಲಾಕಾಲೇಜಿನ ಮಕ್ಕಳ ಕೈಯಲ್ಲೂ ಇವೆ. ಅವನ್ನು ನೋಡಿ ಮೂಗು ಮುರಿಯುವ ಪೋಷಕರೂ, ಸಿಲೆಬಸ್ಸಿನ ಹೊರಗಿನದೆಂದು ಬದಿಗಿಡುವ ಅಧ್ಯಾಪಕರೂ ಒಂದು ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಿದ್ದಾರೆ ಎಂದೇ ನನ್ನ ನಂಬಿಕೆ. ಹದಿನೈದರ ಮಗುವಿಗೆ ಸರ್ವಾಧಿಕಾರದ ಬಗ್ಗೆ ಪಾಠ ಮಾಡಿದರೆ ಅದು ಪರೀಕ್ಷೆಗೆ ಉರುಹೊಡೆಯುವ ವಿಷಯವಾಗುತ್ತದೆ. ನಿನಗೆ ಇಷ್ಟವಾದವರನ್ನು ಇನ್ಯಾರೋ ನಿರ್ಧರಿಸಿದರೆ ಏನು ಮಾಡುತ್ತೀ ಎಂದು ಕೇಳಿದರೆ ಅದೇ ವಿಷಯ ಅದರ ಎದೆಗೆ ತಾಗುತ್ತದೆ. ಇಂದಿನ ಮಕ್ಕಳು ಸ್ನೇಹ, ಮುನಿಸು, ಒಲವು ಎಲ್ಲವನ್ನೂ ಮೊಬೈಲಿನ ಪರದೆಯಲ್ಲಿ ಹತ್ತಾರು ಜನರ ಕಣ್ಣೆದುರು ನಡೆಸುತ್ತಾರೆ. ಎಷ್ಟು ಮಂದಿ ಮೆಚ್ಚಿದರು ಎಂಬ ಲೆಕ್ಕವೂ ಕೂಡಲೇ ಕಾಣುತ್ತದೆ. ನಾನು ಅನುಭವಿಸುತ್ತಿರುವುದು ನಿಜವೋ, ನೋಡುವವರಿಗಾಗಿ ಮಾಡುತ್ತಿರುವುದೋ ಎಂಬ ಕ್ಯಾಟ್ನಿಸ್‌ಳ ತೊಳಲಾಟ ಅವರಿಗೆ ದೂರದ ದೇಶದ ಕಲ್ಪನೆಯಲ್ಲ. ಜಾತಿ, ಧರ್ಮ, ಮನೆತನದ ಹೆಸರಿನಲ್ಲಿ ಮಕ್ಕಳ ಒಲವಿನ ಮೇಲೆ ಕಾವಲು ಇಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲವಾದ್ದರಿಂದ, ಈ ಪ್ರಶ್ನೆ ನಮಗೆ ಇನ್ನಷ್ಟು ಹತ್ತಿರದ್ದು. ಕನ್ನಡದಲ್ಲಿ ಹದಿಹರೆಯದವರಿಗಾಗಿ ಬರೆಯಲು ಹೊರಡುವವರು ಪ್ರೇಮವನ್ನು ಕಂಡು ಹಿಂಜರಿಯಬೇಕಿಲ್ಲ, ಅದನ್ನು ಮಾರಾಟದ ಸರಕೆಂದು ಎಣಿಸಲೂಬೇಕಿಲ್ಲ. ಯಾರನ್ನು ನಂಬಬೇಕು, ಯಾವುದಕ್ಕೆ ಒಪ್ಪಬಾರದು, ಗೆಲುವಿಗಾಗಿ ಏನನ್ನು ಮಾಡಲೇಬಾರದು ಎಂಬುದನ್ನು ಮನುಷ್ಯರು ಮೊದಲು ಕಲಿಯುವುದು ತಾವು ಪ್ರೀತಿಸುವವರ ನಡುವೆ. ಅಲ್ಲಿ ತನ್ನ ಮನಸ್ಸನ್ನು ತಾನೇ ಪರೀಕ್ಷಿಸಿ ತೀರ್ಮಾನಿಸಲು ಕಲಿತ ಹುಡುಗಿ, ನಾಳೆ ಮತಗಟ್ಟೆಯಲ್ಲೂ ಬೀದಿಯಲ್ಲೂ ಇನ್ನೊಬ್ಬರು ಬರೆದುಕೊಟ್ಟ ಉತ್ತರವನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ.